ಕೊಡಿ ಹಬ್ಬಕ್ಕೆ ಹೋದವನು ಬೀಜಾಡಿಯಲ್ಲಿ ನಿಂತೆ

ಮೂರು ದಿನದ ಪ್ರವಾಸ. ಉಡುಪಿಯ ರಥಬೀದಿ ನಸುಕಿನಲ್ಲಿ ಬಹಳ ಚೆಂದ. ಮಲ್ಪೆ ನನಗೆ ಹಿಡಿಸಲಿಲ್ಲ, ಗದ್ದಲ ಜಾಸ್ತಿ. ಕಾಪು ದೀಪಸ್ತಂಭದ ಹತ್ತಿರ ತಿಂದ ಗೋಳಿಬಜೆಯ ರುಚಿ ಇನ್ನೂ ನಾಲಿಗೆ ಮೇಲಿದೆ. ಇವುಗಳ ಬಗ್ಗೆ ಇಷ್ಟು ಸಾಕು. ಬರೆಯಬೇಕು ಅನ್ನಿಸಿದ್ದು ಕೊನೆಯ ದಿನದ ಸಂಜೆಯ ಬಗ್ಗೆ.

ನನ್ನೂರು ಬೆಳಗಾವಿ. ಸೇನೆಯ ಮರಾಠಾ ಲೈಟ್ ಇನ್‌ಫೆಂಟ್ರಿ ದಳದ ಕೇಂದ್ರ ಇರುವುದು ನಮ್ಮಲ್ಲೇ. ಬೆಳಗ್ಗೆ ಕ್ಯಾಂಪ್ ಕಡೆ ಹೋದರೆ ಹೊಸದಾಗಿ ಸೇರಿದ ಹುಡುಗರು ಸಾಲಾಗಿ ಓಡುತ್ತಿರುತ್ತಾರೆ. ಚಿಕ್ಕಂದಿನಿಂದ ನೋಡುತ್ತಿದ್ದೇನೆ. ಯಾವ ಊರಿನವರು, ಆಮೇಲೆ ಎಲ್ಲಿಗೆ ಹೋಗುತ್ತಾರೆ ಅಂತ ಯೋಚಿಸಿರಲೇ ಇಲ್ಲ.

2024ರ ಡಿಸೆಂಬರ್ 24ರಂದು ಜಮ್ಮು ಕಾಶ್ಮೀರದ ಪೂಂಛ್ ಜಿಲ್ಲೆಯಲ್ಲಿ, ಗಡಿ ನಿಯಂತ್ರಣ ರೇಖೆಯ ಹತ್ತಿರ, ಅದೇ ದಳದ 11ನೇ ಬೆಟಾಲಿಯನ್‌ನ ಸೈನಿಕರಿದ್ದ ವಾಹನ ಕಮರಿಗೆ ಬಿತ್ತು. ಐವರು ತೀರಿಕೊಂಡರು. ಅವರಲ್ಲಿ ಮೂವರು ನಮ್ಮ ರಾಜ್ಯದವರು. ಬೆಳಗಾವಿಯ ಸುಬೇದಾರ್ ದಯಾನಂದ ತಿರಕಣ್ಣವರ, ಮಹಾಲಿಂಗಪುರದ ಮಹೇಶ, ಕುಂದಾಪುರ ತಾಲ್ಲೂಕು ಬೀಜಾಡಿಯ ಅನೂಪ್ ಪೂಜಾರಿ. ಅನೂಪ್‌ಗೆ 33 ವರ್ಷ. ನನ್ನದೂ ಆಗ ಅದೇ ವಯಸ್ಸು. ಪತ್ರಿಕೆಯಲ್ಲಿ ಓದಿದ್ದ ಬೀಜಾಡಿ ಅನ್ನುವ ಹೆಸರು ಹಾಗಾಗಿ ತಲೆಯಲ್ಲಿ ಉಳಿದಿತ್ತು.

ಆದರೆ ಕೊನೆಯ ದಿನ ನಾನು ಹೊರಟದ್ದು ಕುಂದಾಪುರದ ಹತ್ತಿರದ ಕೋಟೇಶ್ವರಕ್ಕೆ, ಅಲ್ಲಿನ ತೇರಿನ ಜಾತ್ರೆಯಾದ ಕೊಡಿ ಹಬ್ಬಕ್ಕೆ. ಉಡುಪಿಯಲ್ಲಿ ಎಕ್ಸ್‌ಪ್ರೆಸ್ ಬಸ್ ಹತ್ತಿದೆ. ಕೋಟೇಶ್ವರದಲ್ಲಿ ನಿಲ್ಲಿಸ್ತೇವೆ ಅಂದವರು ನಿಲ್ಲಿಸಲೇ ಇಲ್ಲ. ಸೀದಾ ಕುಂದಾಪುರದ ಶಾಸ್ತ್ರಿ ಸರ್ಕಲ್‌ನಲ್ಲಿ ಇಳಿಸಿದರು. ಬೆನ್ನಿಗೆ ಚೀಲ, ಸುಡು ಬಿಸಿಲು, ಹಬ್ಬದ ದಿನ ಆಟೊ ಕೂಡ ಸಿಗುವುದಿಲ್ಲ. ಈಗಲೂ ಸಿಟ್ಟು ಬರುತ್ತದೆ. ನೀವು ಹೋಗುವುದಾದರೆ ಎಲ್ಲ ಸ್ಟಾಪಿಗೂ ನಿಲ್ಲುವ ಬಸ್ಸನ್ನೇ ಹತ್ತಿ.

ಕೋಟಿಲಿಂಗೇಶ್ವರನ ರಥ ನೋಡಿದೆ. ಜನ ಕೋಟಿತೀರ್ಥ ಕೆರೆಯ ಸುತ್ತ ಅಕ್ಕಿ ಚೆಲ್ಲುತ್ತಾ ಹೋಗುತ್ತಿದ್ದರು. ಹೊಸದಾಗಿ ಮದುವೆಯಾದ ಜೋಡಿಗಳ ಕೈಯಲ್ಲೆಲ್ಲ ಕಬ್ಬಿನ ಕೊಡಿ, ಅಂದರೆ ಗರಿಯಿರುವ ಕಬ್ಬು. ಮನೆಗೆ ಒಯ್ದರೆ ಒಳ್ಳೆಯದಾಗುತ್ತದೆ ಅನ್ನುವ ನಂಬಿಕೆ. ಹಸಿರು ಗರಿಗಳು ಬಸ್ ಕಿಟಕಿಗಳಿಂದಲೂ ಹೊರಗೆ ಚಾಚಿದ್ದವು.

ಅಲ್ಲಿಂದ ಬೀಜಾಡಿ ಪಕ್ಕದಲ್ಲೇ. ಬಿಸಿಲು ಇಳಿದ ಮೇಲೆ ಕಡಲ ಬದಿಗೆ ನಡೆದೆ.

ದಡದಲ್ಲಿ ವಯಸ್ಸಾದ ಒಬ್ಬ ಅಮ್ಮ ಬಲೆ ಹಾಸಿ ಸಿಗಡಿ ಒಣಗಿಸಿದ್ದರು. ಅಂಗೈ ಅಗಲಿಸಿ, ಉಜ್ಜದೆ, ಸುಮ್ನೆ ಮೇಲಿಂದ ಸವರಿದ ಹಾಗೆ ರಾಶಿ ಮಾಡುತ್ತಿದ್ದರು. ಒಂದು ಸಿಗಡಿಯೂ ಮುರಿಯುತ್ತಿರಲಿಲ್ಲ.

"ಎಲ್ಲಿಂದ ಬಂದದ್ದ್ ನೀವ್?"

"ಬೆಳಗಾವಿಯಿಂದ ಅಮ್ಮಾ. ಹಬ್ಬಕ್ಕೆ."

ಆಮೇಲೆ ಅನೂಪ್ ಅವರ ಹೆಸರು ಹೇಳಿದೆ. ಕೈ ನಿಂತಿತು.

"ಕೂಕಣಿ" ಅಂದರು. ಕೂತೆ.

ಡಿಸೆಂಬರ್ 26ರಂದು ಸರ್ಕಾರಿ ಗೌರವದೊಂದಿಗೆ ಅನೂಪ್ ಅವರ ಅಂತ್ಯಕ್ರಿಯೆ ಆದದ್ದು ಇದೇ ಕಡಲ ದಡದಲ್ಲಿ. ಅಮ್ಮ ಎದ್ದು ನಾಲ್ಕು ಹೆಜ್ಜೆ ಮುಂದೆ ಹೋಗಿ ಕೈ ತೋರಿಸಿದರು. ಬೆರಳು ತೋರಿಸಲಿಲ್ಲ, ದೇವರ ಕಡೆ ತೋರಿಸುವ ಹಾಗೆ ಇಡೀ ಅಂಗೈ. "ಆ ವರ್ಷದ್ ಹಬ್ಬ ಮುಗ್ದ್ ಹತ್ ದಿನ ಆಯಿರ್ಲಿಲ್ಲ. ಮನಿಗ್ ತಂದ ಕೊಡಿ ಬಾಡಿರ್ಲಿಲ್ಲ. ನಮ್ಮನಿ ಮಾಣಿಯೇ ಹ್ವಾದಂಗ್ ಆಯ್ತ್."

ಗುರುತಿತ್ತಾ ಅಂತ ಕೇಳಿದೆ. ಮಾತಾಡಿಸಿದ ನೆನಪಿಲ್ಲ ಅಂದರು. ಊರಿನ ಮಾಣಿ ಅಲ್ವಾ, ಅಷ್ಟು ಸಾಕು ಅಂದರು. ಮಾಣಿ ಅಂದರೆ ಇಲ್ಲಿ ಹುಡುಗ.

ಆಗ ಅವರ ಕಾಲು ನೋಡಿದೆ. ಚಪ್ಪಲಿ ಇರಲಿಲ್ಲ. ಬಲೆಯ ಪಕ್ಕದಲ್ಲೇ ಬಿಟ್ಟು ಬಂದಿದ್ದರು. ಆ ಕಡೆ ಹೋಗುವಾಗ ಯಾವಾಗಲೂ ಹಾಗೇನಾ ಅಂತ ಕೇಳಿದೆ. ಅದರಲ್ಲಿ ಕೇಳುವುದೇನಿದೆ ಅನ್ನುವ ಹಾಗೆ ನೋಡಿದರು. ನಾನೂ ಶೂ ಬಿಚ್ಚಿದೆ. ಮರಳು ಇನ್ನೂ ಬೆಚ್ಚಗಿತ್ತು.

ವಾಪಸ್ ಬಂದು ಮತ್ತೆ ಸಿಗಡಿ ಸವರುತ್ತಾ ಕೇಳಿದರು: "ಬೆಳಗಾವಿಯವ್ರೂ ಒಬ್ರ್ ಇದ್ದಿದ್ರ್ ಅಲ್ದಾ ಆ ಗಾಡಿಯಂಗೆ?"

ಹೌದು ಅಂದೆ. ವರ್ಷದ ಹಿಂದಿನ ಮಾತು, ಎಲ್ಲೋ ದೂರದ ಊರಿನವರು. ಆದರೂ ಅವರಿಗೆ ನೆನಪಿತ್ತು.

"ಅವ್ರ್ ಮನಿ ಬದಿಗ್ ಹೋಯಿದ್ರ್ಯಾ?"

ಹೋಗಿರಲಿಲ್ಲ. ನಮ್ಮ ಮನೆಯಿಂದ ಅದೇನೂ ದೂರವಲ್ಲ. ಇಲ್ಲ ಅಮ್ಮಾ ಅಂದೆ. ಅವರು ಬೈಯಲಿಲ್ಲ. ಪೇಪರಿನಲ್ಲಿ ಎರಡು ಹಿಡಿ ಒಣ ಸಿಗಡಿ ಕಟ್ಟಿ ಕೊಟ್ಟರು. ದುಡ್ಡು ಬೇಡವೆಂದರು.

ಬೆಳಗಾವಿಯಲ್ಲಿ ಬಸ್ ಇಳಿದಾಗ ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಕ್ಯಾಂಪ್ ಹತ್ತಿರ ಹುಡುಗರ ಸಾಲು ಓಡುತ್ತಾ ಬಂತು. ಆಟೊ ನಿಲ್ಲಿಸಲು ಹೇಳಿದೆ. ಕೊನೆಯ ಹುಡುಗ ದಾಟುವವರೆಗೆ ಒಬ್ಬೊಬ್ಬರ ಮುಖವನ್ನೂ ನೋಡಿದೆ.