ಪೀ ಪಫರ್ ಮರಿಗಳು: ನಾಲ್ಕನೇ ಸಲ

ಪೀ ಪಫರ್ ಅಂದರೆ ಸಿಹಿನೀರಿನ ಒಂದು ಪುಟ್ಟ ಮೀನು. ಇವತ್ತಿಗೆ 11ನೇ ದಿನ. ಒಂಬತ್ತು ಮರಿ, ಒಂಬತ್ತಕ್ಕೂ ಕಿತ್ತಳೆ ಹೊಟ್ಟೆ, ಅಂದರೆ ಕೊಟ್ಟ ಊಟ ಒಳಗೆ ಹೋಗಿದೆ. ನಿನ್ನೆ ರಾತ್ರಿ ಭೂತಗನ್ನಡಿ ಹಿಡಿದು ನೋಡಿದಾಗ ಕೂಗಿಬಿಡೋಣ ಅನ್ನಿಸಿತು. ಮನೆಯವರೆಲ್ಲ ಮಲಗಿದ್ದರು, ಬಚಾವ್.

ಮೊಟ್ಟೆ ಇಡಿಸುವುದು ದೊಡ್ಡ ವಿಷಯವಲ್ಲ. ಒಂದು ಗಂಡು, ಮೂರು ಹೆಣ್ಣು, ಮೊಟ್ಟೆ ಇಡಲು ಜಾವಾ ಮಾಸ್ ಅನ್ನುವ ನೀರಿನ ಪಾಚಿಗಿಡ, ಹೊಟ್ಟೆತುಂಬ ಬಸವನಹುಳು. ಮಾಸ್ ಎತ್ತಿ ಬೇರೆ ಡಬ್ಬಿಗೆ ಹಾಕಿದರೆ ಐದಾರು ದಿನಕ್ಕೆ ಮರಿ. ಗೋಳು ಶುರುವಾಗುವುದೇ ಆಮೇಲೆ. ಹಿಂದಿನ ಮೂರು ಸಲವೂ ಹುಟ್ಟುವಾಗಲೇ ಊಟ ತುಂಬಿಕೊಂಡು ಬಂದ ಹೊಟ್ಟೆಯ ಹಳದಿ ಚೀಲ ಕರಗಿದ ಮೂರ್ನಾಲ್ಕು ದಿನಕ್ಕೆ ಎಲ್ಲ ಸತ್ತವು.

ಮೊದಲು ಬೈದದ್ದು ಆರ್ಟೀಮಿಯಾ (ಮರಿಗಳಿಗೆ ಜೀವಂತ ಊಟವಾಗಿ ಹಾಕುವ, ಉಪ್ಪುನೀರಿನ ಪುಟಾಣಿ ಸಿಗಡಿಯಂಥ ಜೀವಿ) ಮೊಟ್ಟೆ ಮಾರಿದವನನ್ನು. ಡಬ್ಬಿಯ ಮೇಲೆ 90 ಪರ್ಸೆಂಟ್ ಒಡೆಯುತ್ತದೆ ಅಂತ ಇತ್ತು. ಲೀಟರಿಗೆ 30 ಗ್ರಾಂ ಉಪ್ಪು, 28 ಡಿಗ್ರಿ, ಇಡೀ ದಿನ ಏರ್‌ಪಂಪ್. ಒಡೆದದ್ದು ನನ್ನ ತಾಳ್ಮೆ ಮಾತ್ರ. ಕೇಳಿದರೆ 'ನಿಮ್ಮ ಉಪ್ಪೇ ಸರಿ ಇಲ್ಲ ಸಾರ್' ಅಂದ. ಅದೇ ಉಪ್ಪಿನಲ್ಲಿ ಬೇರೆ ಡಬ್ಬಿಯ ಮೊಟ್ಟೆ ಧಾರಾಳವಾಗಿ ಒಡೆಯಿತು. ಆದರೂ ಮರಿಗಳು ಸಾಯುತ್ತಲೇ ಇದ್ದವು. ಆಗ ಅವನ ಮೇಲಿನ ಸಿಟ್ಟು ಸ್ವಲ್ಪ ಇಳಿಯಿತು. ಸ್ವಲ್ಪ.

ನಾಲ್ಕನೇ ಸಲ ಏನೂ ಬದಲಿಸದೆ ಅರ್ಧ ಗಂಟೆ ಸುಮ್ನೆ ನೋಡುತ್ತ ಕೂತೆ. ಆರ್ಟೀಮಿಯಾ ಬೆಳಕಿನ ಕಡೆ ಓಡುತ್ತದೆ. ಸೋಸುವಾಗ ನಾನೇ ದಿನಾ ಟಾರ್ಚ್ ಹಿಡಿದು ಮೂಲೆಗೆ ಸೇರಿಸುತ್ತೇನಲ್ಲ! ಮರಿಗಳ ಡಬ್ಬಿಯಲ್ಲೂ ಅವು ಎಲ್‌ಇಡಿ ಕೆಳಗೆ, ನೀರಿನ ಮೇಲ್ಭಾಗದಲ್ಲಿ ಜಾತ್ರೆ ಸೇರಿದ್ದವು. ಮರಿಗಳೋ ತಳಕ್ಕೆ ಅಂಟಿ ಕೂತಿದ್ದವು. ಊಟ ಅಟ್ಟದ ಮೇಲೆ, ಉಣ್ಣುವವರು ನೆಲದ ಮೇಲೆ. ಸಿಹಿನೀರಲ್ಲಿ ಆರ್ಟೀಮಿಯಾ ಕೆಲವೇ ಗಂಟೆ ಬದುಕುತ್ತದೆ. ಸತ್ತು ಕೆಳಗೆ ಬಿದ್ದದ್ದನ್ನು ಈ ಮಹಾರಾಯರು ಮೂಸಿಯೂ ನೋಡುವುದಿಲ್ಲ.

ಮೇಲಿನ ದೀಪ ಆರಿಸಿದೆ. ನೀರನ್ನು 5 ಸೆಂ.ಮೀ.ಗೆ ಇಳಿಸಿದೆ. ಟಾರ್ಚನ್ನು ಡಬ್ಬಿಯ ಪಕ್ಕದಲ್ಲಿ ತಳದ ಮಟ್ಟಕ್ಕೆ ಮಲಗಿಸಿದೆ. ಹತ್ತೇ ನಿಮಿಷ! ಆರ್ಟೀಮಿಯಾ ಮರಿಗಳ ಮೂತಿಯ ಮುಂದೆಯೇ ಬಂದು ಗುಂಪು ಕಟ್ಟಿತು. ಒಂದು ಮರಿ ಬಾಲ ಬಾಗಿಸಿ, ಗುರಿ ನೋಡಿ, ಗಬಕ್ಕನೆ ನುಂಗಿತು.

ಇಷ್ಟೆಲ್ಲ ಒದ್ದಾಟ ಯಾಕೆ ಅಂದರೆ, 1941ರಲ್ಲಿ ತಿರುವಾಂಕೂರಿನ ಮೇಲೆ ವೈಜ್ಞಾನಿಕ ಹೆಸರು (travancoricus) ಪಡೆದ ಈ ಪಶ್ಚಿಮ ಘಟ್ಟದ ಮೀನು ಅಂಗಡಿಗೆ ಬರುವುದು ಹೆಚ್ಚಾಗಿ ಹೊಳೆಯಿಂದಲೇ. ಮನೆಯಲ್ಲೇ ಮರಿ ಮಾಡಿ ಗೆಳೆಯರಿಗೆ ಹಂಚಬೇಕು ಅಂತ ಆಸೆ.

ಮುಂದಿನದು ಸ್ಕಾರ್ಲೆಟ್ ಬಾಡಿಸ್ ಅನ್ನುವ ಇನ್ನೊಂದು ಪುಟ್ಟ ಮೀನು. ಬ್ರಹ್ಮಪುತ್ರದ ಕಡೆಯದು, ಅದಕ್ಕೂ ಜೀವಂತ ಊಟವೇ ಬೇಕು. ಟ್ಯಾಂಕ್ ಖಾಲಿ ಇದೆ, ಮನೆಯವರಿಗೆ ಇನ್ನೂ ಹೇಳಿಲ್ಲ.

ಇದನ್ನು ಬರೆಯುವ ಮುಂಚೆ ಇನ್ನೊಮ್ಮೆ ಎಣಿಸಿದೆ. ಎಂಟು. ಒಂಬತ್ತನೆಯದು ಮಾಸ್ ಒಳಗೆ ಇರಬೇಕು. ಒಂದನ್ನೊಂದು ಕಚ್ಚುವ ವಯಸ್ಸು ಇನ್ನೂ ಬಂದಿಲ್ಲ, ಅಲ್ವಾ?