ನಂದಿ ಹಾಲ್ಟ್‌ಗೆ ಎರಡು ಟಿಕೆಟ್

ಯಲಹಂಕದಲ್ಲಿ ನಂದಿ ಹಾಲ್ಟ್‌ಗೆ ಎರಡು ಟಿಕೆಟ್ ಕೇಳಿದಾಗ ಕಿಟಕಿಯ ಒಳಗಿದ್ದವರು ತಲೆಯೆತ್ತಿ ನಮ್ಮನ್ನು ನೋಡಿದರು. ಬೆಟ್ಟಕ್ಕೆ ಹೋಗುವ ಬೆಂಗಳೂರಿನವರು ಕತ್ತಲಿರುವಾಗಲೇ ಬೈಕು ಏರುತ್ತಾರಲ್ಲ! ನಮಗೆ ಬೆಟ್ಟದ ಗೊಡವೆ ಇರಲಿಲ್ಲ. ನೋಡಬೇಕಿದ್ದದ್ದು ಅದರ ಬುಡದ ಕಲ್ಲಿನ ನಿಲ್ದಾಣ. ಜೊತೆಗಿದ್ದವರು ದೇವನಹಳ್ಳಿಯಲ್ಲಿ ಹುಟ್ಟಿ, ಚಿಕ್ಕ ರೈಲಿನಲ್ಲೇ ಓಡಾಡಿ ಬೆಳೆದ ನನ್ನ ಸೋದರಮಾವ.

‘ಚಿಕ್ಕ’ ಎಂಬುದು ಮುದ್ದಿನ ಮಾತಲ್ಲ. 1915ರಲ್ಲಿ ಚಿಕ್ಕಬಳ್ಳಾಪುರದವರೆಗೆ ಹಾಕಿದ ಹಳಿಗಳ ನಡುವೆ ಇದ್ದದ್ದು ಎರಡೂವರೆ ಅಡಿ ಅಂತರ ಮಾತ್ರ. ಹಾದಿ ಕೋಲಾರ ದಾಟಿ ಬಂಗಾರಪೇಟೆ ಮುಟ್ಟುತ್ತಿತ್ತು. ಅಲ್ಲಿ ಬ್ರಾಡ್‌ಗೇಜ್, ಅಂದರೆ ಅಗಲದ ಹಳಿ. ಪುಟ್ಟ ಬೋಗಿಯ ಮೂಟೆಗಳನ್ನೆಲ್ಲ ಇಳಿಸಿ ದೊಡ್ಡ ಬೋಗಿಗೆ ಹೊರಬೇಕು. ಮನೆ ಬಾಗಿಲಿಗೇ ಬರುವ ಲಾರಿಯ ಮುಂದೆ ಇಂಥ ಗಾಡಿ ಎಷ್ಟು ದಿನ ನಿಂತೀತು? “ವೇಗ ಕೇಳಬೇಡ. ಆದರೆ ಹತ್ತಿದವರು ಪಕ್ಕದವರ ಸಂಬಂಧ ಬೆಳೆಸಿಕೊಂಡೇ ಇಳಿಯುತ್ತಿದ್ದರು ಕಣೋ” ಎಂದರು ಮಾವ.

ಬೆಟ್ಟಹಲಸೂರು, ದೊಡ್ಡಜಾಲ. ಆಮೇಲೆ ವಿಮಾನ ನಿಲ್ದಾಣದ ಹಾಲ್ಟ್. ವಿಮಾನಗಳು 2008ರಲ್ಲೇ ಬಂದವು. ರೈಲು ಹತ್ತಿರದಲ್ಲೇ ಓಡುತ್ತಿದ್ದರೂ ಇಲ್ಲಿ ನಿಲ್ಲಲು 2021ರ ಜನವರಿ ಬರಬೇಕಾಯಿತು. ದೊಡ್ಡ ಪೆಟ್ಟಿಗೆ ಹಿಡಿದವರು ಯಾರಾದರೂ ಇಳಿಯುತ್ತಾರೇನೋ ಎಂದು ಇಣುಕಿದೆ. ಯಾರೂ ಇಲ್ಲ. ದೇವನಹಳ್ಳಿಯಲ್ಲಿ ಮಾತ್ರ ಸೊಪ್ಪಿನ ಬುಟ್ಟಿಯ ಹೆಂಗಸರಿಂದ ಬೋಗಿ ತುಂಬಿತು. ನಿಲ್ದಾಣ ಯಾರಿಗೆ ಬೇಕು ಎಂಬುದನ್ನು ನಕ್ಷೆ ಬರೆಯುವವರು ಇವರನ್ನೇ ಕೇಳಬಹುದಿತ್ತು.

ನಂದಿ ಹಾಲ್ಟ್‌ನಲ್ಲಿ ಇಳಿದವರು ನಾವಿಬ್ಬರೇ. ಚಿಕ್ಕ ಹಳಿ ಹೋಗಿ ದೊಡ್ಡ ಹಳಿ ಬಂದಿದೆ, ಮೇಲೆ ವಿದ್ಯುತ್ ತಂತಿ. ಕಲ್ಲಿನ ಹಳೆಯ ಕಟ್ಟಡ ಮಾತ್ರ ಇವೆಲ್ಲ ತನಗೆ ಸಂಬಂಧಿಸಿದ್ದಲ್ಲ ಎಂಬಂತೆ ಕೂತಿದೆ. ಈ ಹಾದಿಯ ಇಂಥ ನಿಲ್ದಾಣಗಳ ದುರಸ್ತಿಗೆ ಹಳೆಯ ಪಾರಂಪರಿಕ ಕಟ್ಟಡಗಳನ್ನು ಕಾಪಾಡುವ ಇನ್‌ಟ್ಯಾಕ್ ಸಂಸ್ಥೆ ಕೈಹಾಕಿದ್ದರಿಂದ ಇದಕ್ಕೆ ಮತ್ತೆ ಕಳೆ ಬಂದಿದೆ. ಚಿಕ್ಕಬಳ್ಳಾಪುರದಿಂದ ಆಚೆ ಕೋಲಾರದವರೆಗಿನ ಹಾದಿ ಹೀಗೆ ಅಗಲವಾಗಿ ರೈಲು ಮತ್ತೆ ಓಡಿದ್ದು 2013ರಲ್ಲಿ.

ಮಾವ ಗೋಡೆಯ ಕಲ್ಲನ್ನು ಅಂಗೈಯಿಂದ ಸವರಿ ನೋಡಿದರು. ಏನಾದರೂ ಹೇಳುತ್ತಾರೆಂದು ಕಾದೆ. ಚೀಲದಿಂದ ದೇವನಹಳ್ಳಿಯ ಚಕ್ಕೋತ ತೆಗೆದು, “ಮೊದಲು ಇದನ್ನು ಸುಲಿ, ಗಾಡಿಗೆ ಇನ್ನೂ ಹೊತ್ತಿದೆ” ಎಂದರು.