ಗಾಳಿಗೆ ಹೊಡೆದ ಸ್ಪ್ರೇ

ಮಗನ ಹೈಸ್ಕೂಲಿನ ಲೈಬ್ರರಿಯಲ್ಲಿ ಕಳೆದ ತಿಂಗಳು ಪೋಷಕರಿಗೆ ನಾರ್ಕ್ಯಾನ್ ಬಳಸೋದು ಹೇಳಿಕೊಟ್ಟರು. ಫೆಂಟನಿಲ್‌ನಂಥ ಅಮಲಿನ ನೋವುನಿವಾರಕ ಮಿತಿಮೀರಿ ಉಸಿರು ನಿಲ್ಲುತ್ತಿರೋರ ಮೂಗಿಗೆ ಹೊಡೆಯೋ ಔಷಧಿ ಇದು. ಕೈಗೆ ಕೊಟ್ಟಿದ್ದು ಔಷಧಿ ಇಲ್ಲದ, ಬರೀ ಅಭ್ಯಾಸದ ಸ್ಪ್ರೇ. ನಾನು ಹೊಸ ಸೆಂಟ್ ಬಾಟ್ಲಿ ಸಿಕ್ಕವಳ ಹಾಗೆ ಮೊದಲು ಗಾಳಿಗೆ ಒಂದು ಸಲ ಒತ್ತಿ ನೋಡಿದೆ. ನರ್ಸ್ ನಕ್ಕು, "ಅಷ್ಟೇ, ಮುಗೀತು" ಅಂದರು. ಒಂದು ಸ್ಪ್ರೇಯಲ್ಲಿರೋದು ಒಂದೇ ಡೋಸ್, 4 ಮಿಲಿಗ್ರಾಂ. ಪರೀಕ್ಷೆ ಮಾಡಿ ನೋಡೋ ಹಾಗೇ ಇಲ್ಲ, ನೇರ ಮೂಗಿಗೆ. ಎರಡು ಮೂರು ನಿಮಿಷದಲ್ಲಿ ಎಚ್ಚರ ಆಗದಿದ್ದರೆ ಇನ್ನೊಂದು, ಇನ್ನೊಂದು ಹೊಳ್ಳೆಗೆ. ಅಷ್ಟರಲ್ಲಿ ಇಲ್ಲಿನ ತುರ್ತು ನಂಬರ್ 911ಕ್ಕೆ ಫೋನ್ ಹೋಗಿರಬೇಕು, ಯಾಕಂದ್ರೆ ಇದರ ಪ್ರಭಾವ ಇಳಿದ ಮೇಲೆ ಫೆಂಟನಿಲ್ ಮತ್ತೆ ಉಸಿರು ಕಟ್ಟಿಸಬಹುದು.

ಇಲ್ಲಿ ಟೆಕ್ಸಸ್‌ನಲ್ಲಿ 2023ರಲ್ಲಿ ಕಾನೂನೇ ಬಂತು: 6ರಿಂದ 12ನೇ ಕ್ಲಾಸಿನವರೆಗಿನ ಸರ್ಕಾರಿ ಶಾಲೆಗಳಲ್ಲಿ ಈ ಔಷಧಿ ಇರಲೇಬೇಕು. ಅದಕ್ಕೆ ಮುಂಚಿನ ಚಳಿಗಾಲದಲ್ಲಿ ಪಕ್ಕದ ಕ್ಯಾರಲ್ಟನ್‌ನಲ್ಲಿ ಹೈಸ್ಕೂಲು, ಮಿಡಲ್ ಸ್ಕೂಲು ಮಕ್ಕಳು ನೋವಿನ ಮಾತ್ರೆ ಅಂತ ಮಾರಿದ್ದ, ಫೆಂಟನಿಲ್ ಬೆರೆಸಿದ ನಕಲಿ ಮಾತ್ರೆ ನುಂಗಿ ಬಿದ್ದಿದ್ದರು. ಕೆಲವರು ಏಳಲೇ ಇಲ್ಲ. ಫೆಂಟನಿಲ್ 2 ಮಿಲಿಗ್ರಾಂ ಸಾಕಂತೆ ಜೀವ ತೆಗೆಯೋಕೆ. ಹೆಚ್ಚುಕಮ್ಮಿ ಒಗ್ಗರಣೆಗೆ ಹಾಕೋ ಒಂದು ಸಾಸಿವೆ ಕಾಳಿನ ತೂಕ.

ನಮ್ಮ ಕನ್ನಡದವರ ವಾಟ್ಸಾಪ್ ಗುಂಪಲ್ಲಿ ಈ ವಿಷಯ ಹಾಕಿದೆ. ಹದಿನೈದು ನಿಮಿಷ ಮೌನ. ಆಮೇಲೆ ಒಬ್ಬರು, "ನಮ್ಮ ಮಕ್ಕಳು ಅಂಥವರಲ್ಲ ಬಿಡಿ." ಇನ್ನೊಬ್ಬರು, "ಶಾಲೆಯಲ್ಲೇ ಇದನ್ನಿಟ್ಟರೆ ಮಕ್ಕಳಿಗೆ ಧೈರ್ಯ ಬರಲ್ವಾ?" ಮೂರನೆಯವರು ಯುಗಾದಿ ಪಾಟ್‌ಲಕ್‌ಗೆ ಒಬ್ಬಟ್ಟು ಎಷ್ಟು ಬೇಕು ಅಂತ ಕೇಳಿದರು. ತೀರ್ಥಹಳ್ಳಿ ಕಡೆಯ ನಮ್ಮಮ್ಮ ಫೋನಲ್ಲಿ ಇದನ್ನೆಲ್ಲ ಕೇಳಿಸಿಕೊಂಡು, "ನಮ್ಮೂರಿನ ಆಸ್ಪತ್ರೇಲಿ ಹಾವಿನ ಇಂಜೆಕ್ಷನ್ ಇಟ್ಕೊಂಡಿರ್ತಾರಲ್ಲೇ, ಅದಕ್ಕೇ ತೋಟದಲ್ಲಿ ಹಾವು ಹೆಚ್ಚಾಗಿದ್ಯಾ?" ಅಂದಳು. ಗುಂಪಲ್ಲಿ ಅದನ್ನು ಹಾಕಲಿಲ್ಲ. ಹಾಕಬೇಕಿತ್ತು.

ನನ್ನನ್ನು ಕಾಡಿದ್ದು ನರ್ಸ್ ಹೇಳಿದ ಇನ್ನೊಂದು ಮಾತು. ಉಸಿರು ಕಟ್ಟಿದರೆ ತುಟಿ ನೀಲಿಯಾಗುತ್ತೆ ಅಂತ ಎಲ್ಲ ಕಡೆ ಬರೆದಿರ್ತಾರೆ. ನಮ್ಮಂಥ ಬಣ್ಣದವರಲ್ಲಿ ನೀಲಿ ಕಾಣಲ್ಲ, ಬೂದಿ ಬಳಿದ ಹಾಗಾಗುತ್ತೆ, ತುಟಿಯ ಒಳಗಡೆ ನೋಡಬೇಕು. ಗೊರಕೆ ಹೊಡೀತಿದ್ದಾನೆ, ಮಲಗಲಿ ಅಂತ ಬಾಗಿಲು ಹಾಕಿಕೊಂಡು ಬಂದವರೂ ಇದ್ದಾರಂತೆ. ಅದು ಗೊರಕೆ ಆಗಿರಲಿಲ್ಲ.

ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುತ್ತೆ. 45 ಡಾಲರ್ ಹತ್ತಿರ ಕೊಟ್ಟು ಎರಡು ಸ್ಪ್ರೇ ಇರೋ ಡಬ್ಬಿ ತಂದೆ. ಮೊದಲು ಕಾರಿನಲ್ಲಿಟ್ಟಿದ್ದೆ. ಇಲ್ಲಿನ ಬಿಸಿಲಿಗೆ ಕಾರಲ್ಲಿ ಬಿಟ್ಟರೆ ಕೆಡುತ್ತೆ ಅಂತ ಗಂಡ ಡಬ್ಬಿ ಮೇಲಿದ್ದದ್ದನ್ನು ಓದಿ ಹೇಳಿದ ಮೇಲೆ ಪರ್ಸಿಗೆ ಬಂತು. ಕುಂಕುಮದ ಭರಣಿ, ಕ್ರೋಸಿನ್, ಅದರ ಪಕ್ಕ ಇದು.

ಭಾನುವಾರ ಹನ್ನೊಂದಾದರೂ ಮಗ ಎದ್ದಿರಲಿಲ್ಲ. ಎರಡು ಸಲ ಕರೆದೆ. ರೂಮಿಗೆ ಹೋಗಿ, ಕಲಿಸಿದ ಹಾಗೇ, ಮುಷ್ಟಿಯ ಗೆಣ್ಣಿನಿಂದ ಎದೆ ಮೂಳೆ ಮೇಲೆ ಜೋರಾಗಿ ಉಜ್ಜಿದೆ. "ಅಮ್ಮಾ!" ಅಂತ ಕಿರುಚಿಕೊಂಡು ಎದ್ದ. ನನ್ನ ಮುಖ ನೋಡಿದ. ಅವನಿಗೂ ಕ್ಲಾಸಲ್ಲಿ ಹೇಳಿಕೊಟ್ಟಿದ್ದಾರೆ, ತಕ್ಷಣ ಅರ್ಥವಾಯಿತು.

"ಉಸಿರಾಡ್ತಿದೀನಿ. ಹೋಗು" ಅಂದು ಮುಸುಕು ಎಳೆದುಕೊಂಡ.